ಕಸ್ತೂರಿಯ ನಾಲಿಗೆಯೂ ಗಿಳಿ ಕಚ್ಚಿದ ಪೇರಲವೂ

ಮಕ್ಕಳ ತೊದಲು ಮಾತು ಕೇಳುವುದಕ್ಕೆ ಬಹಳ ಇಂಪು ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಬರುವ ಅನುಮಾನ, ಇವರ ಮನೆಯಲ್ಲಿ ಮಕ್ಕಳಿಲ್ಲ ಎಂಬುದು. ಇದ್ದರೂ ಅವು ಬೆಳೆದು ದೊಡ್ಡವಾಗಿ, ಇವರಿಗೆ ಎಲ್ಲ ಮರೆತುಹೋಗಿರಬೇಕು. ತೊದಲು ಇಂಪಾಗಿರುವುದು ಪರರ ಮನೆಯ ಕೂಸಿನ ಬಾಯಲ್ಲಿ, ಅದೂ ನಾವು ಅಲ್ಲಿ ಒಂದು ಬಟ್ಟಲು ಚಹಾ ಕುಡಿದು ಏಳುವಷ್ಟು ಹೊತ್ತು. ಸ್ವಂತ ಕೂಸು ನಾಲ್ಕು ದಾಟಿ ಐದಕ್ಕೆ ಬಿದ್ದಮೇಲೂ ಹಾಗೆಯೇ ಮಾತಾಡುತ್ತಿದ್ದರೆ ಅದು ಇಂಪಲ್ಲ, ಚಿಂತೆ. ಅಪ್ಪನಾದವನು ಕನ್ನಡ ಶಾಲೆಯ ಮಾಸ್ತರನಾಗಿದ್ದರಂತೂ ಬರೀ ಚಿಂತೆಯಲ್ಲ, ಊರಿನವರಿಗೆ ಪುಕ್ಕಟೆ ಮನರಂಜನೆ. ನಾನು ಅಂಥ ಮಾಸ್ತರ. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಎದ್ದು ಹೋಗಿ ಸ್ವಲ್ಪ ಮಲಗೋಣ ಎನಿಸುತ್ತದೆ.

ಸಂಸ್ಥಾನಗಳೆಲ್ಲ ಹೋಗಿ ನಾವು ಮುಂಬಯಿ ರಾಜ್ಯದವರಾಗಿದ್ದ ವರ್ಷಗಳವು. ರಬಕವಿಯ ಪ್ರಾಥಮಿಕ ಶಾಲೆಯಲ್ಲಿ ಎರಡನೆಯ ಇಯತ್ತೆ ನನ್ನ ಪಾಲಿಗೆ ಬಂದಿತ್ತು. ಬೆಳಗಿನಿಂದ ಸಂಜೆಯವರೆಗೆ ನೇಕಾರರ ಮಕ್ಕಳ ಉಚ್ಚಾರ ತಿದ್ದುವುದು ನನ್ನ ಕೆಲಸ. ಸಂಜೆ ಮನೆಗೆ ಬಂದು ಒಂದು ಚಿಟಿಕೆ ನಶ್ಯ, ಅಂದರೆ ನಮ್ಮ ಕಡೆಯ ತಪಕೀರ, ಏರಿಸಿ ಗೋಡೆಗೆ ಒರಗಿದರೆ ಮಗಳು ಬಂದು ತೊಡೆಯ ಮೇಲೆ ಕೂಡುತ್ತಿದ್ದಳು. ಆಕೆಗೆ ಕಸ್ತೂರಿ ಎಂದು ಹೆಸರಿಟ್ಟವನು ನಾನೇ. ತೊಟ್ಟಿಲಲ್ಲಿ ಹಾಕಿದ ದಿನ ಯಾರಿಗೆ ಗೊತ್ತು, ಈ ಕೂಸಿನ ಬಾಯಿಗೆ ಕಕಾರ ಒಲಿಯುವುದಿಲ್ಲ ಎಂದು? ಕ ಬರಬೇಕಾದಲ್ಲಿ ತ ಬರುತ್ತಿತ್ತು, ಗ ಬರಬೇಕಾದಲ್ಲಿ ದ. ಉಳಿದದ್ದೆಲ್ಲ ಸರಿಯೇ. ರಕಾರ ಳಕಾರಗಳನ್ನು ನನಗಿಂತ ಸ್ಪಷ್ಟವಾಗಿ ಹೇಳುತ್ತಿದ್ದಳು. ಆದರೆ ಹೆಸರೇನವಾ ಎಂದು ಕೇಳಿದರೆ "ತಸ್ತೂರಿ" ಎನ್ನುತ್ತಿದ್ದಳು.

ಇದರಿಂದ ನಮ್ಮ ಭಾಗದ ಭೂಗೋಳಕ್ಕೇ ಧಕ್ಕೆ ಬಂತು. ಅವಳ ಬಾಯಲ್ಲಿ ಜಮಖಂಡಿ ಜಮತಂಡಿಯಾಯಿತು, ಬೀಳಗಿ ಬೀಳದಿಯಾಯಿತು, ಲೋಕಾಪುರ ಲೋತಾಪುರವಾಯಿತು. ನಾವು ಇರುವ ಊರು ರಬತವಿ. ನೆಟ್ಟಗೆ ಉಳಿದವು ಎರಡೇ, ಮುಧೋಳ ಮತ್ತು ಬನಹಟ್ಟಿ. ನನ್ನ ಜೊತೆಯ ಮಾಸ್ತರ ಶಿವಲಿಂಗಪ್ಪ ಬನಹಟ್ಟಿಯವನು. ರಬಕವಿಗೂ ಬನಹಟ್ಟಿಗೂ ನಡುವೆ ಒಂದು ಬೀಡಿ ಸೇದಿ ಮುಗಿಸುವಷ್ಟು ದಾರಿ, ಆದರೆ ನಮ್ಮ ಊರು ದೊಡ್ಡದೋ ನಿಮ್ಮ ಊರು ದೊಡ್ಡದೋ ಎಂಬ ವಾದ ಮಾತ್ರ ಎಂದೂ ಮುಗಿಯುವುದಿಲ್ಲ. ಅವನು ಇದನ್ನು ಬಿಡುತ್ತಾನೆಯೇ? "ಮಾಸ್ತರ, ಇದು ನಮ್ಮೂರ ಕೂಸರೀ. ನಿಮ್ಮೂರ ಹೆಸರ ಅದರ ಬಾಯಾಗ ಹೆಂಗ ಬರ್ತೈತಿ? ಕೊಟ್ಟಬಿಡ್ರಿ ನಮಗ," ಎಂದು ಶಾಲೆಯ ಮಂದಿಯ ಮುಂದೆಲ್ಲ ಹೇಳಿಕೊಂಡು ತಿರುಗಿದ.

ವಿಚಿತ್ರವೆಂದರೆ ತನ್ನ ಮಾತಿನಲ್ಲಿ ಕೊರತೆ ಇದೆಯೆಂಬುದು ಕಸ್ತೂರಿಗೆ ಗೊತ್ತೇ ಇರಲಿಲ್ಲ. ಒಂದು ಸಂಜೆ ಅವಳು ಅಂಗಳದತ್ತ ಕೈಮಾಡಿ "ಅಪ್ಪಾ, ತೋಳಿ!" ಎಂದಳು. ಮಗಳನ್ನು ಖುಷಿಪಡಿಸೋಣವೆಂದು ನಾನೂ "ಹೌದವಾ, ತೋಳಿ" ಎಂದೆ. ಅವಳ ಮುಖ ಕೆಂಪಾಯಿತು. "ತೋಳಿ ಅಲ್ಲಾ, ತೋಳಿ!" ಎಂದಳು. ನಾನು ಮತ್ತೆ ತೋಳಿ ಎಂದೆ. ಅವಳು ಕಾಲು ನೆಲಕ್ಕೆ ಬಡಿದು, ಇಷ್ಟು ದಡ್ಡ ಅಪ್ಪ ಯಾವ ಮಕ್ಕಳಿಗೂ ಬೇಡ ಎಂಬಂತೆ ನನ್ನನ್ನು ನೋಡಿ, ಒಂದೊಂದೇ ಅಕ್ಷರ ಬಿಡಿಸಿ "ತೋ...ಳಿ" ಎಂದಳು. ಅಂದರೆ ಕಿವಿಗೆ ಕ ಚೆನ್ನಾಗಿಯೇ ಗೊತ್ತಿತ್ತು, ನಾಲಿಗೆ ಅಲ್ಲಿಗೆ ಹೋಗುತ್ತಿರಲಿಲ್ಲ. ಆ ಹೊತ್ತಿಗೆ ನಾನು ಅಷ್ಟನ್ನು ತಿಳಿದುಕೊಂಡು ಸುಮ್ಮನಿದ್ದಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಸುಮ್ಮನಿರುವುದು ಹೇಗೆ? ಕನ್ನಡ ನಾಡೆಲ್ಲ ಒಂದಾಗಬೇಕೆಂದು ಊರೂರಲ್ಲಿ ಭಾಷಣಗಳು ನಡೆಯುತ್ತಿದ್ದ ಕಾಲ. ನಾನೂ ಆಗಾಗ ಎದ್ದು ನಿಂತು ನಾಲ್ಕು ಮಾತಾಡುವವನು. ಹೊರಗೆ ನಾನು ಕನ್ನಡ ಕನ್ನಡ ಎಂದು ಗಂಟಲು ಹರಿದುಕೊಂಡು ಮನೆಗೆ ಬಂದರೆ ಮಗಳು ಕೈಯೆತ್ತಿ "ತನ್ನಡ! ತನ್ನಡ!" ಎಂದು ನನ್ನನ್ನು ಸ್ವಾಗತಿಸುತ್ತಿದ್ದಳು. ಓಣಿಯ ಜನ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬರುವ ಜೂನಿನಲ್ಲಿ ಇವಳನ್ನು ನನ್ನದೇ ಶಾಲೆಗೆ ಹಾಕಬೇಕು. ಮೊದಲ ದಿನವೇ ಹುಡುಗರು ಇವಳನ್ನು ಆಡಿಕೊಂಡು ನಕ್ಕರೆ ಗತಿ ಏನು ಎಂದು ನನಗೆ ಹೆದರಿಕೆ. ನಿಜ ಹೇಳಬೇಕೆಂದರೆ, ಆಡಿಕೊಳ್ಳುವುದು ಅವಳನ್ನೋ ನನ್ನನ್ನೋ ಎಂಬುದರ ಬಗ್ಗೆಯೂ ನನಗೆ ಅಷ್ಟೇ ಹೆದರಿಕೆಯಿತ್ತು.

ಆದ್ದರಿಂದ ಮನೆಯಲ್ಲೇ ಪಾಠ ಶುರುಮಾಡಿದೆ. ನನಗೆ ಗೊತ್ತಿದ್ದದ್ದು ವ್ಯಾಕರಣ. ಕ ಎಂಬುದು ಕಂಠದಲ್ಲಿ ಹುಟ್ಟುವ ಅಕ್ಷರ, ತ ಎಂಬುದು ಹಲ್ಲಿನಲ್ಲಿ ಹುಟ್ಟುವ ಅಕ್ಷರ ಎಂದು ವಿವರಿಸಿದೆ. ಅವಳು ಗಮನವಿಟ್ಟು ಕೇಳಿ, ಬಾಯಿ ತೆರೆದು, ತನ್ನ ಒಂದು ಹಲ್ಲೂ ಅಲ್ಲಾಡುತ್ತಿಲ್ಲವೆಂದು ತೋರಿಸಿದಳು. ವ್ಯಾಕರಣ ಬಿಟ್ಟು ಚಮಚ ಹಿಡಿದೆ. ಚಮಚದ ಹಿಡಿಯಿಂದ ನಾಲಿಗೆಯ ತುದಿಯನ್ನು ಅದುಮಿ "ಈಗ ಅನ್ನು" ಎಂದರೆ ಅವಳಿಗೆ ಓಕರಿಕೆ ಬಂತು, ಕ ಬರಲಿಲ್ಲ. ಆಮೇಲೆ ಗಂಟಲಲ್ಲಿ ನೀರು ಹಾಕಿಕೊಂಡು ಗಳಗಳ ಮಾಡಿಸಿದೆ. ಇದು ಅವಳಿಗೆ ಬಹಳ ಹಿಡಿಸಿತು. ಬೆಳಗಾದರೆ ತಂಬಿಗೆ ತಂದು ನಿಲ್ಲುತ್ತಿದ್ದಳು. ಇಸ್ತ್ರಿ ಮಾಡಿಸಿದ ನನ್ನ ಧೋತರ ದಿನವೂ ತೊಯ್ದು, ನಾನು ಅದನ್ನು ಗಾಳಿಗೆ ಬೀಸುತ್ತ ಶಾಲೆಗೆ ಓಡುತ್ತಿದ್ದೆ. ಓಡುವ ಮೊದಲು ಒಂದು ಚಿಟಿಕೆ ತಪಕೀರ ಏರಿಸಿ, "ನಿನ್ನ ಕಾಲಾಗ ಸಾಕಾತು ನನಗ!" ಎಂದು ಒಂದು ಸಲ ಗದರಿಸಿ ಹೋಗುವುದು ರೂಢಿಯಾಯಿತು. ರೂಢಿಯಾದ ಮಾತು ಆಡುವವನಿಗೆ ಕೇಳಿಸುವುದಿಲ್ಲ.

ಇತ್ತ ನಮ್ಮ ಅವ್ವ ತನ್ನ ವೈದ್ಯ ಆರಂಭಿಸಿದಳು. ಬಜೆಯ ಬೇರನ್ನು ಜೇನುತುಪ್ಪದಲ್ಲಿ ತೇಯ್ದು ದಿನವೂ ಕೂಸಿನ ನಾಲಿಗೆಗೆ ತಿಕ್ಕುವುದು. ಕಸ್ತೂರಿ "ತಾರ! ತಾರ!" ಎಂದು ಓಣಿ ತುಂಬ ಓಡುತ್ತಿದ್ದಳು. ಬಜೆ ಖಾರವೆಂದು ಅವಳಿಗೆ ಗೊತ್ತಾಯಿತೇ ಹೊರತು ಖಾರ ಎನ್ನುವುದು ಗೊತ್ತಾಗಲಿಲ್ಲ. ಬಜೆ ಸೋತ ಮೇಲೆ ಅವ್ವ ಕೊನೆಯ ಅಸ್ತ್ರ ತೆಗೆದಳು. "ತಮ್ಮಾ, ಗಿಳಿ ಕಚ್ಚಿದ ಪೇರಲ ಹಣ್ಣ ತಿನ್ನಸಬೇಕು. ಗಿಳಿ ಹೆಂಗ ಮಾತಾಡ್ತೈತೋ ಹಂಗ ಮಾತಾಡ್ತಾಳ." ನಾನು ವಾದಿಸಿದೆ. "ಅವ್ವಾ, ಗಿಳಿಗೇ ಯಾರರ ಕಲಿಸಬೇಕಲ್ಲ?" ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ಕಲಿಸಿದಿ ಅಲಾ, ಏನ ಬಂತು?" ಎಂದಳು. ಮಾರನೆಯ ರವಿವಾರ ಹೊಳೆಯ ದಂಡೆಯ ತೋಟಗಳಿಗೆ ಹೋದೆ.

ಗಿಳಿ ಕಚ್ಚಿದ ಪೇರಲ ಹುಡುಕುವುದು ಎಂಥ ಕೆಲಸವೆಂದು ಅನುಭವಿಸಿದವನಿಗೇ ಗೊತ್ತು. ಹಣ್ಣು ಚೆನ್ನಾಗಿದೆಯೇ ಎಂದು ಕೇಳುವವರನ್ನು ತೋಟದವರು ಕಂಡಿದ್ದಾರೆ, ಕೆಟ್ಟಿದೆಯೇ ಎಂದು ಕೇಳುವವನನ್ನು ಕಂಡಿಲ್ಲ. ಅಳಿಲು ಕಡಿದದ್ದು ನಡೆಯುವುದಿಲ್ಲ, ಬಾವಲಿ ಕಡಿದದ್ದಂತೂ ಕೂಡದು ಎಂದು ಅವ್ವ ಎಚ್ಚರಿಕೆ ಹೇಳಿ ಕಳಿಸಿದ್ದಳು. ಬಿಸಿಲಲ್ಲಿ ಗಿಡದ ಕೆಳಗೆ ಕತ್ತೆತ್ತಿ ನಿಂತು ನಿಂತು ಕುತ್ತಿಗೆ ಹಿಡಿದುಕೊಂಡಿತು. ಈ ಸುದ್ದಿ ಅದು ಹೇಗೋ ನನ್ನ ಇಯತ್ತೆಯ ಹುಡುಗರಿಗೆ ಮುಟ್ಟಿತು. ಮರುದಿನ ಮೇಜಿನ ಮೇಲೆ ಕಚ್ಚಿದ ಪೇರಲಗಳ ರಾಶಿಯೇ ಬಿತ್ತು. "ಗಿಳೀನ ಕಚ್ಚೇತ್ರಿ ಮಾಸ್ತರ, ಆಣಿ ಮಾಡಿ ಹೇಳ್ತೇವ್ರಿ," ಎಂದರು. ಆದರೆ ಗಿಳಿಯ ಕೊಕ್ಕಿಗೂ ಎರಡನೆಯ ಇಯತ್ತೆಯವರ ಬಿದ್ದುಹೋದ ಮುಂದಿನ ಹಲ್ಲುಗಳ ಸಂದಿಗೂ ಇರುವ ವ್ಯತ್ಯಾಸ ಮಾಸ್ತರನಿಗೆ ತಿಳಿಯದೇ? ಅಂತೂ ಕೊನೆಗೆ ಎಲ್ಲಿಂದಲೋ ಖರೆ ಹಣ್ಣೂ ಸಿಕ್ಕಿತು. ಕಸ್ತೂರಿ ತಿಂದಳು. ರುಚಿಯಾಗಿದೆ, "ಇನ್ನೊಂದು ತೊಡು" ಎಂದಳು.

ಇಷ್ಟರಲ್ಲಿ ಅವಳನ್ನು ಪರೀಕ್ಷೆ ಮಾಡುವುದು ಓಣಿಯ ಹವ್ಯಾಸವೇ ಆಗಿಬಿಟ್ಟಿತು. ನೀರು ತರುವವರು ಕೊಡ ಇಳಿಸಿ "ಕಾಗಿ ಅನ್ನ ನೋಡೂಣು" ಎನ್ನುವರು. ಎಲೆಯಡಿಕೆಯ ಅಂಗಡಿಯವನು ಬೆಲ್ಲದ ಚೂರು ಎತ್ತಿ ಹಿಡಿದು "ಕೊಡಲಿ ಅಂದ್ರ ಕೊಡ್ತೇನಿ" ಎನ್ನುವನು. ಅವಳು ಹೇಳುವಳು, ಅವರು ನಗುವರು, ಅವಳೂ ಅರ್ಥವಾಗದೆ ನಗುವಳು. ನನ್ನ ಹೆಂಡತಿ ಸರೋಜಾ ಮಾತ್ರ ಇದರಿಂದ ದೂರ ಇದ್ದಳು. "ನೋಡ್ರಿ, ಕೂಸಿನ ಬಾಯಿಗೆ ಇಷ್ಟ ಬೆನ್ನ ಹತ್ತಬ್ಯಾಡ್ರಿ. ತಾನ ಬರ್ತೈತಿ," ಎಂದು ಎಷ್ಟೋ ಸಲ ಹೇಳಿದಳು. ಮಾಸ್ತರನಿಗೆ ಪಾಠ ಹೇಳಲು ಬಂದಳೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಮುಂಜಾನೆ ಗಳಗಳ ಮಾಡುತ್ತಿದ್ದಾಗ ಕಸ್ತೂರಿಯ ಗಂಟಲಿನಿಂದ ಕಕಾರದಂಥದೇನೋ ಒಂದು ಹೊರಟಿತು. ನಾನು ಹಿಗ್ಗಿಹೋದೆ. ಅದೇ ಸಂಜೆ ಶಿವಲಿಂಗಪ್ಪನನ್ನು ಚಹಾಕ್ಕೆ ಕರೆದು, ಇನ್ನೂ ಒಂದಿಬ್ಬರು ಮಾಸ್ತರರನ್ನು ಕೂಡಿಸಿ, ಮಗಳನ್ನು ನಡುವೆ ನಿಲ್ಲಿಸಿ, "ನಮ್ಮ ಊರ ಹೆಸರ ಹೇಳವಾ" ಎಂದೆ. ಅವಳು ನನ್ನ ಮುಖ ನೋಡಿದಳು. ನಾಲಿಗೆಯನ್ನು ಹಿಂದಕ್ಕೆ ಎಳೆದಳು, ಕಣ್ಣು ಮುಚ್ಚಿದಳು, ಕೈ ಮುಷ್ಟಿ ಮಾಡಿದಳು. "ರಬ... ರಬ..." ಎಂದು ತಡೆದು ತಡೆದು, ಕೊನೆಗೆ "ರಬತವಿ" ಎಂದಳು. ಶಿವಲಿಂಗಪ್ಪ ತೊಡೆ ತಟ್ಟಿ ನಕ್ಕ. ಉಳಿದವರೂ ನಕ್ಕರು. ಅವರು ನಕ್ಕರೆ ನಗಲಿ, ನಾನೂ ನಕ್ಕುಬಿಟ್ಟೆ. ಕಸ್ತೂರಿ ಮಾತ್ರ ಈ ಸಲ ನಗಲಿಲ್ಲ. ಎಲ್ಲರನ್ನೂ ಒಮ್ಮೆ ನೋಡಿ, ಕೊನೆಗೆ ನನ್ನನ್ನು ನೋಡಿ, ಒಳಗೆ ಹೋದಳು.

ಅಂದಿನಿಂದ ಮನೆಯಲ್ಲಿ ಅವಳು ಮಾತು ನಿಲ್ಲಿಸಿದಳು. ನೀರು ಬೇಕಾದರೆ ಕೊಡದ ಕಡೆ ಬೆರಳು, ರೊಟ್ಟಿ ಬೇಕಾದರೆ ಬುಟ್ಟಿಯ ಕಡೆ ಬೆರಳು. ಹೂಂ, ಊಹೂಂ ಅಷ್ಟೇ. ಮೊದಲೆರಡು ದಿನ ಹಟವೆಂದುಕೊಂಡೆವು. ಆಮೇಲೆ ನಮಗೆ ದಿಗಿಲಾಯಿತು. ಮುಧೋಳದಿಂದ ಬಂದ ಸರೋಜಾಳ ತಮ್ಮ, "ನಮ್ಮ ಬೇಟಿ ನಾಯಿನೂ ಬೊಗಳೂದಿಲ್ರಿ ಮಾವಾರ, ಆದ್ರ ಎಲ್ಲಾ ತಿಳೀತೈತಿ," ಎಂದು ಸಮಾಧಾನ ಹೇಳಿದ. ಮಗಳ ಸಲುವಾಗಿ ಇಂಥ ಸಮಾಧಾನ ಕೇಳಬೇಕಾಯಿತಲ್ಲ ಎಂದು ಸರೋಜಾ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು. ನನ್ನೊಡನೆಯೂ ಆಕೆ ಹೆಚ್ಚು ಮಾತಾಡುತ್ತಿರಲಿಲ್ಲ. ಸಂಜೆ ನಾನು ಗೋಡೆಗೆ ಒರಗಿದರೆ ತೊಡೆ ಖಾಲಿ. ತಸ್ತೂರಿ, ತೋಳಿ, ತನ್ನಡ ಎಂಬ ಶಬ್ದಗಳಿಗಾಗಿ ಕಿವಿ ಹಸಿದುಕೊಂಡಿತ್ತು. ಕ ಬರದಿದ್ದರೆ ಬೇಡ, ದೇವರೇ, ಇದ್ದ ತ ಆದರೂ ತಿರುಗಿ ಕೊಡು ಎಂದು ಬೇಡಿಕೊಂಡೆ.

ಆ ದಿನಗಳಲ್ಲಿ ಅವಳು ಹೊತ್ತು ಕಳೆಯುತ್ತಿದ್ದದ್ದು ನಮ್ಮ ಪಕ್ಕದ ಮನೆಯ ಮಗ್ಗದ ಕೋಣೆಯಲ್ಲಿ. ವೀರಭದ್ರಪ್ಪ ಎಂಬ ನೇಕಾರ ಹಳೆಯ ಕೈಮಗ್ಗ ತೆಗೆದು, ಒಂದು ಎಂಜಿನ್ನು ಹೂಡಿ, ಅದರ ತಿರುಗುವ ಪಟ್ಟಾಕ್ಕೆ ಜೋಡಿಸಿದ ಯಂತ್ರಮಗ್ಗಗಳನ್ನು ಹಾಕಿದ್ದ. ಆ ಗದ್ದಲದಲ್ಲಿ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸದು. ಮಗ್ಗದವರು ಕೈಸನ್ನೆಯಿಂದಲೇ ಮಾತಾಡಿಕೊಳ್ಳುತ್ತಿದ್ದರು. ವೀರಭದ್ರಪ್ಪನ ಹೆಂಡತಿ ನೀಲವ್ವ ಒಂದು ಮೂಲೆಯಲ್ಲಿ ರಾಟಿಯ ಮುಂದೆ ಕೂತು ಲಾಳಿಗೆ ಬೇಕಾದ ನೂಲು ಸುತ್ತುತ್ತಿದ್ದಳು. ಇನ್ನೊಂದು ಮೂಲೆಯಲ್ಲಿ ತೊಲೆಗೆ ಕಟ್ಟಿದ ತೊಟ್ಟಿಲು, ಅದರಲ್ಲಿ ಅವಳ ಕೂಸು. ಆ ಕೂಸಿಗೆ ಗದ್ದಲದಲ್ಲೇ ನೆಮ್ಮದಿ. ಮಗ್ಗ ನಿಂತರೆ ಎದ್ದು ಅಳುತ್ತಿತ್ತು. ಮಾತು ಬಿಟ್ಟ ಹುಡುಗಿಗೆ ಮಾತೇ ಬೇಡದ ಜಾಗ ಸಿಕ್ಕಿದೆ ಎಂದುಕೊಂಡು ನಾವು ತಡೆಯಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಹೋದೆ. ಬಾಗಿಲಲ್ಲಿ ನಿಂತು ನೋಡುತ್ತೇನೆ, ಕಸ್ತೂರಿ ತೊಟ್ಟಿಲ ಹತ್ತಿರ ನಿಂತಿದ್ದಾಳೆ, ಮತ್ತು ಅವಳ ಬಾಯಿ ಆಡುತ್ತಿದೆ! ಒಂದೇ ಸಮನೆ, ತಡೆಯಿಲ್ಲದೆ, ಕೈ ತಿರುವಿ, ತಲೆ ಅಲ್ಲಾಡಿಸಿ ಮಾತಾಡುತ್ತಿದ್ದಾಳೆ. ಒಂದಕ್ಷರವೂ ನನಗೆ ಕೇಳಿಸಲಿಲ್ಲ. ಹತ್ತಿರ ಹೋದರೆ ನಿಲ್ಲಿಸಿಬಿಟ್ಟಾಳೆಂದು ಹೆದರಿ ಹೊಸ್ತಿಲಲ್ಲೇ ನಿಂತೆ. ಯಾರಿಗೂ ಕೇಳಿಸದ ಜಾಗವೆಂದೇ ಅವಳು ಅದನ್ನು ಆರಿಸಿಕೊಂಡಿದ್ದಳೆಂದು ಆಗ ಹೊಳೆಯಿತು.

ಅಷ್ಟರಲ್ಲಿ ಎಂಜಿನ್ನಿನ ಪಟ್ಟಾ ಫಟ್ಟನೆ ಹರಿಯಿತು. ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಆ ಮೌನದಲ್ಲಿ ಮಗಳ ದನಿ ಖಣಿಲೆಂದು ಕೇಳಿಸಿತು. ಅವಳು ತೊಟ್ಟಿಲ ಕಡೆಗೇ ಮುಖ ಮಾಡಿ, ಮಾತಿನ ಭರದಲ್ಲಿ, ಮಗ್ಗ ನಿಂತದ್ದನ್ನೇ ಗಮನಿಸಿರಲಿಲ್ಲ. ಎರಡು ಬೆರಳು ಕೂಡಿಸಿ ಮೂಗಿಗೆ ಒಂದು ಚಿಟಿಕೆ ಏರಿಸಿದ ಹಾಗೆ ಮಾಡಿ, ಕೂಸಿನ ಗದ್ದ ಹಿಡಿದು ಹೇಳುತ್ತಿದ್ದಳು: "ಅನ್ನು, ತ! ತ ಅಲ್ಲಲೇ, ತ! ಬಾಯಿ ತೆದಿ. ಎಷ್ಟ ಸಲ ಹೇಳಬೇತು ನಿನದ? ನಿನ್ನ ತಾಲಾದ ಸಾತಾತು ನನದ!"

ಮಗ್ಗದವರೆಲ್ಲ ನನ್ನ ಕಡೆ ತಿರುಗಿದರು. ನೀಲವ್ವ ಸೆರಗು ಬಾಯಿಗೆ ಒತ್ತಿ ಹಿಡಿದಳು. ಇದು ಯಾರ ಗತ್ತು ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಗದ್ದಲ ನಿಂತದ್ದಕ್ಕೆ ತೊಟ್ಟಿಲ ಕೂಸು ಬಾಯಿ ಸೊಟ್ಟ ಮಾಡಿ ಅಳಲು ಶುರುಮಾಡಿತು. ತಾನು ಗದರಿಸಿದ್ದಕ್ಕೇ ಅಳುತ್ತಿದೆಯೆಂದು ಕಸ್ತೂರಿ ತಿಳಿದಳು. ತಟ್ಟನೆ ಮಾಸ್ತರಿಕೆ ಬಿಟ್ಟು, ತೊಟ್ಟಿಲೊಳಗೆ ಬಗ್ಗಿ, ಕೂಸಿನ ಗಲ್ಲ ಸವರಿ, "ಅಳಬ್ಯಾಡ, ಯವ್ವಾ. ಬರದಿದ್ರ ಬಿಡು. ನಾ ಯಾರಿದೂ ಹೇಳೂದಿಲ್ಲ," ಎಂದಳು.

ನಗುತ್ತಿದ್ದವರು ನಗುವುದನ್ನು ಬಿಟ್ಟರು. ಇಷ್ಟು ವರ್ಷ ಪಾಠ ಹೇಳಿದೆ, ಯಾರಿಗೂ ಈ ಎರಡು ಮಾತು ಹೇಳಿರಲಿಲ್ಲ. ಸದ್ದು ಮಾಡದೆ ಮನೆಗೆ ತಿರುಗಿ ಬಂದು, ಊಟಕ್ಕೆ ಕರೆತರಲು ಸರೋಜಾಳನ್ನು ಕಳಿಸಿದೆ. ಚಮಚ ಅಡುಗೆಮನೆಗೆ ಹೋಯಿತು, ಬಜೆ ಡಬ್ಬಿಗೆ ಹೋಯಿತು. ಇನ್ನು ಈ ಮನೆಯಲ್ಲಿ ಯಾರೂ ಕೂಸಿಗೆ ಅನ್ನು ಎನ್ನಕೂಡದು ಎಂದು ಸಾರಿದೆ. ಅವ್ವ "ಗಿಳಿ ಹಣ್ಣ ಇನ್ನ ಒಂದ ಸಲ ನೋಡೂಣಲ್ಲೋ" ಎಂದಳು. "ಅವ್ವಾ, ಗಿಳಿಗೂ ದಣಿವಾಗೇತಿ, ನನಗೂ ದಣಿವಾಗೇತಿ. ಬಿಡು," ಎಂದೆ. ಓಣಿಯವರಿಗೆ ನೀಲವ್ವನೇ ಬುದ್ಧಿ ಹೇಳಿದಳೆಂದು ಕಾಣುತ್ತದೆ. ಕೊಡ ಇಳಿಸುವವರು ಕೊಡ ಇಳಿಸದೆ ಹೋಗತೊಡಗಿದರು.

ಮಾತು ಒಂದೇ ದಿನಕ್ಕೆ ಬರಲಿಲ್ಲ. ಒಂದು ಸಂಜೆ ತೊಡೆಯ ಮೇಲೆ ಬಂದು ಕೂತಳು. ಇನ್ನೊಂದು ಸಂಜೆ ಹೊರಗೆ ಕೈಮಾಡಿ, ನನ್ನ ಮುಖವನ್ನೇ ನೋಡುತ್ತ, ಸಣ್ಣಗೆ "ತೋಳಿ" ಎಂದಳು. ನಾನು ತಿದ್ದಲಿಲ್ಲ, ನಗಲಿಲ್ಲ. "ಹೌದು, ಕೋಳಿ. ಎಷ್ಟ ದಪ್ಪ ಆಗೇತಿ ನೋಡು," ಎಂದೆ. ಅಷ್ಟೇ ಸಾಕಾಯಿತು. ಕಟ್ಟಿದ್ದ ಕಾಲುವೆ ಒಡೆದ ಹಾಗೆ ಮಾತು ಹರಿಯಿತು. ಬೆಳಗಿನಿಂದ ಮಲಗುವವರೆಗೆ ತಕಾರಗಳ ಸುರಿಮಳೆ. ಕೇಳಿ ಕೇಳಿ ನನ್ನ ತಲೆ ಚಿಟ್ಟುಹಿಡಿಯಿತು, ಆದರೂ ಸುಮ್ಮನಿರು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಜೂನಿನಲ್ಲಿ ಶಾಲೆಗೂ ಹೋದಳು. ಹುಡುಗರು ಆಡಿಕೊಂಡರೋ ಇಲ್ಲವೋ, ಅವಳಂತೂ ಮನೆಗೆ ಬಂದು ದೂರು ಹೇಳಲಿಲ್ಲ. ಮತ್ತೆ ಪೇರಲದ ಕಾಲ ಬರುವಷ್ಟರಲ್ಲಿ ಒಂದು ದಿನ ಅವಳು "ಅಪ್ಪಾ, ಕಾಗಿ ರೊಟ್ಟಿ ಕಚಗೊಂಡ ಹೋತು" ಎಂದಳು. ನಾನು ಗಡ್ಡ ಹೆರೆದುಕೊಳ್ಳುತ್ತಿದ್ದೆ. "ಹೋಗಲಿ ಬಿಡು" ಎಂದೆ. ಕ ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಸರೋಜಾ ಒಳಗಿನಿಂದ ಓಡಿಬಂದು ಹೇಳಿದ ಮೇಲೆ ಗೊತ್ತಾಯಿತು. ಯಾವ ಅಕ್ಷರಕ್ಕಾಗಿ ತೋಟ ತೋಟ ತಿರುಗಿದ್ದೆನೋ ಅದು ಮನೆಗೆ ಬಂದಾಗ ನನ್ನ ಮುಖದ ತುಂಬ ಸಾಬೂನಿನ ನೊರೆ ಇತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅದೇ ವಾರ ದಿಪೋಟಿ ಸಾಹೇಬರು, ಅಂದರೆ ಶಾಲೆಗಳ ತಪಾಸಣೆಗೆ ಬರುವ ದೊಡ್ಡವರು, ಜಮಖಂಡಿಯಿಂದ ಬಂದು ನನ್ನ ಇಯತ್ತೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಹುಡುಗರೆಲ್ಲ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದರು. ನಾನು ಗಂಟಲು ಸರಿಮಾಡಿಕೊಂಡು, ದನಿ ಎತ್ತರಿಸಿ, "ಎಲ್ಲಾರೂ ತನ್ನಡ ಪುಸ್ತಕ ತೆಗೀರಿ" ಎಂದೆ. ಇಡೀ ಇಯತ್ತೆ ಉಸಿರು ಬಿಗಿಹಿಡಿಯಿತು. ತಿದ್ದಿಕೊಳ್ಳುವ ಗಡಿಬಿಡಿಯಲ್ಲಿ ಮತ್ತೂ ಒಮ್ಮೆ ಅದನ್ನೇ ಅಂದೆ. ಸಾಹೇಬರು ಕನ್ನಡಕ ಕೆಳಗೆ ಸರಿಸಿ, "ಮಾಸ್ತರ, ಆರಾಮ ಅದೀರಿಲ್ಲೋ?" ಎಂದರು. ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಇಡೀ ವರ್ಷ ಮಗಳ ಮಾತಿಗೆ ಪಳಗಿದ ನಾಲಿಗೆ ಅದು, ಅವಳು ಬಿಟ್ಟದ್ದನ್ನು ತಾನು ಹಿಡಿದುಕೊಂಡಿತ್ತು.

ಸಂಜೆ ಮನೆಗೆ ಬಂದು, ಬಾಗಿಲು ಮುಂದಕ್ಕೆ ಮಾಡಿ, ಸರೋಜಾಳ ಮುಂದೆ ಎಲ್ಲ ಹೇಳಿಕೊಂಡು ತಲೆ ಹಿಡಿದು ಕೂತೆ. ಕಸ್ತೂರಿ ಮೂಲೆಯಲ್ಲಿ ಆಡುತ್ತಿದ್ದವಳು ಎದ್ದು ಬಂದಳು. ನನ್ನ ಗದ್ದ ಹಿಡಿದೆತ್ತಿ, ಗಲ್ಲ ಸವರಿ, ಒಂದೊಂದು ಅಕ್ಷರವೂ ಸ್ಫುಟವಾಗಿ, "ಅಳಬ್ಯಾಡಪಾ. ಬರದಿದ್ರ ಬಿಡು. ನಾ ಯಾರಿಗೂ ಹೇಳೂದಿಲ್ಲ," ಎಂದಳು. ಮನಸ್ಸಿಗೆ ಎಷ್ಟೋ ಹಗುರಾಯಿತು. ಆಮೇಲೆ ಅವಳು ಮಗ್ಗದ ಕೋಣೆಗೆ ಆಡಲು ಹೋದಳು.

ಮರುದಿನ ಮುಂಜಾನೆ ನಾನು ಶಾಲೆಗೆ ಹೊರಟಾಗ ನೀಲವ್ವ ತನ್ನ ಬಾಗಿಲಲ್ಲಿ ಕಾದು ನಿಂತಿದ್ದಳು. ಸೆರಗಿನ ಮರೆಯಿಂದ ತೆಗೆದು, ನನ್ನ ಕೈಗೆ ಒಂದು ಪೇರಲ ಹಣ್ಣು ಇಟ್ಟಳು. ಒಂದು ಬದಿಗೆ ಗಿಳಿ ಕಚ್ಚಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಶಾಲೆಯ ದಾರಿಯುದ್ದಕ್ಕೂ ತಿಂದು ಮುಗಿಸಿದೆ.